ನಿಮಗಿದು ಗೊತ್ತೇ? ಹುಲಿಯ ಹೊಟ್ಟೆಯಲ್ಲೊಂದು ಆರ್ಗನ್!

ಟಿಪ್ಪುವಿನ ಹುಲಿಯನ್ನು ಚಿತ್ರದಲ್ಲಾದರೂ ನೋಡದ ಕನ್ನಡಿಗರು ಕಡಿಮೆ. ಅಂಗಾತ ಬಿದ್ದ ಬಿಳಿಯ ಸಿಪಾಯಿಯ ಕುತ್ತಿಗೆಗೆ ಬಾಯಿ ಹಾಕಿರುವ ಬಣ್ಣದ ಮರದ ಹುಲಿ ಅದು. ಆ ಹುಲಿಯ ಪಕ್ಕೆಯಲ್ಲೊಂದು ಮುಚ್ಚಳವಿದೆ. ಅದನ್ನು ತೆರೆದರೆ ಒಳಗೆ 18 ಗುಂಡಿಗಳ ಪುಟ್ಟ ಪೈಪ್ ಆರ್ಗನ್ ಕಾಣುತ್ತದೆ ಎಂಬುದು ನಿಮಗೆ ಗೊತ್ತೇ? ಗುಂಡಿ ಒತ್ತಿದರೆ ಹುಲಿಯ ಹೊಟ್ಟೆಯೊಳಗಿನ ಕೊಳವೆಗಳು ನುಡಿಯುತ್ತವೆ. ಶ್ರೀರಂಗಪಟ್ಟಣದಲ್ಲಿ ನುಡಿಯುತ್ತಿದ್ದ ಈ ವಾದ್ಯ ಆಮೇಲೆ ಏನೇನು ಪಾಡು ಪಟ್ಟಿತು ಎನ್ನುವುದನ್ನು ಕೊನೆಯಲ್ಲಿ ಹೇಳುತ್ತೇನೆ. ಹಳೆಯ ಆರ್ಗನ್ ಒಂದಕ್ಕೆ ಮತ್ತೆ ಜೀವ ತುಂಬುವುದೆಂದರೆ ಏನು ಎಂದು ಮೊದಲು ತಿಳಿದರೆ ಹುಲಿಯ ಕತೆ ಚೆನ್ನಾಗಿ ಮನಸ್ಸಿಗೆ ಹತ್ತುತ್ತದೆ.

*

ನಮ್ಮ ಹಾರ್ಮೋನಿಯಂ ಈ ಪೈಪ್ ಆರ್ಗನ್ನಿಗೆ ದೂರದ ನೆಂಟ ಮಾತ್ರ. ಹಾರ್ಮೋನಿಯಂನಲ್ಲಿ ನುಡಿಯುವುದು ಹಿತ್ತಾಳೆಯ ರೀಡು. ಪೈಪ್ ಆರ್ಗನ್ನಿನಲ್ಲಿ ನುಡಿಯುವುದು ಕೊಳವೆ, ಅಂದರೆ ಕೊಳಲು. ಆದರೆ ಈ ಕೊಳಲಿಗೆ ಬೆರಳಿಡುವ ರಂಧ್ರಗಳಿಲ್ಲ. ಒಂದು ಕೊಳವೆ ಹುಟ್ಟಿನಿಂದ ಸಾಯುವವರೆಗೆ ಒಂದೇ ಸ್ವರ ಹಾಡುತ್ತದೆ! ಬೆರಳಿನಿಂದ ಒತ್ತುವ ಮನೆಗಳು 56 ಇದ್ದರೆ 56 ಕೊಳವೆ ಬೇಕು. ಅದೂ ಒಂದು ಬಗೆಯ ನಾದಕ್ಕೆ. ಕೊಳಲಿನಂಥ ನಾದ, ತುತ್ತೂರಿಯಂಥ ನಾದ, ತಂತಿಯಂಥ ನಾದ ಎಂದು ಬಗೆ ಹೆಚ್ಚಿದ ಹಾಗೆ ಮತ್ತೊಂದು ಸಾಲು, ಮಗದೊಂದು ಸಾಲು. ದೊಡ್ಡ ಚರ್ಚುಗಳಲ್ಲಿ ಕೊಳವೆಗಳ ಲೆಕ್ಕ ಸಾವಿರ ದಾಟುವುದು ಹೀಗೆ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನ ಆರ್ಗನ್ನಿನಲ್ಲಿ ಈಗ 9,999 ಕೊಳವೆಗಳಿವೆ.

ಹಾರ್ಮೋನಿಯಂನಲ್ಲಿ ಮುಂದಕ್ಕೆ ಎಳೆಯುವ ಸ್ಟಾಪರ್ ಗುಬ್ಬಿಗಳಿರುತ್ತವಲ್ಲ, ಅವು ಬಂದದ್ದು ಆರ್ಗನ್ನಿನ ಮನೆತನದಿಂದಲೇ. ಯಾವ ಸಾಲಿನ ಕೊಳವೆಗಳಿಗೆ ಗಾಳಿ ಹೋಗಬೇಕು ಎಂದು ತೀರ್ಮಾನಿಸುವುದು ಆ ಗುಬ್ಬಿ.

*

ಕೊಳವೆಗೂ ಮನುಷ್ಯನ ಹಾಗೆ ಅಂಗಾಂಗಗಳಿವೆ! ಆರ್ಗನ್ ಕಟ್ಟುವವರು ಅದರ ಭಾಗಗಳನ್ನು ಕರೆಯುವುದೇ ಹಾಗೆ. ಕೆಳಗೆ ಪಾದ, ಮೇಲೆ ಮೈ, ನಡುವೆ ಬಾಯಿ, ಬಾಯಿಗೆ ಮೇಲ್ದುಟಿ ಮತ್ತು ಕೆಳದುಟಿ, ಎರಡೂ ಬದಿಗೆ ಕಿವಿ. ಕೆಲವಕ್ಕೆ ಬಾಯಿಯ ಕೆಳಗೆ ಗಡ್ಡವೂ ಉಂಟು. ತುತ್ತೂರಿ ಜಾತಿಯ ಕೊಳವೆಗಳಿಗೆ ಹಿತ್ತಾಳೆಯ ನಾಲಿಗೆ. ಇಷ್ಟೂ ಅಂಗಗಳಲ್ಲಿ ಯಾವುದಕ್ಕೆ ಪೆಟ್ಟಾದರೂ ಸ್ವರ ಕೆಡುತ್ತದೆ. ಪುಟ್ಟ ಕೊಳವೆಯ ಬಾಯಿಗೆ ಒಂದು ಸತ್ತ ನೊಣ ಸಿಕ್ಕಿಕೊಂಡರೆ ಸಾಕು, ಅದು ಮೂಕಾಗುತ್ತದೆ.

ಕೊಳವೆ ಉದ್ದವಾದಷ್ಟೂ ಸ್ವರ ಮಂದ್ರ. 32 ಅಡಿಯ ಕೊಳವೆ ಸೆಕೆಂಡಿಗೆ 16 ಸಲ ಕಂಪಿಸುತ್ತದೆ. ಅದನ್ನು ಕಿವಿ ಕೇಳುವುದಕ್ಕಿಂತ ಕೂತ ಬೆಂಚು, ಎದೆಗೂಡು ಕೇಳುತ್ತವೆ ಎನ್ನಬೇಕು. ಆಸ್ಟ್ರೇಲಿಯಾದ ಸಿಡ್ನಿ ಟೌನ್ ಹಾಲ್‌ನಲ್ಲಿ 1890ರಲ್ಲಿ ಕೂರಿಸಿದ ಆರ್ಗನ್ನಿನಲ್ಲಿ 64 ಅಡಿ ಸ್ಥಾಯಿಯ ಸಾಲೇ ಇದೆ. ಅದರ ಅತಿ ಮಂದ್ರ ಸ್ವರಕ್ಕೆ ಸೆಕೆಂಡಿಗೆ 8 ಕಂಪನ. ಇನ್ನೊಂದು ತುದಿಯ ಕೊಳವೆಗಳೋ ಪೆನ್ಸಿಲ್ಲಿಗಿಂತ ಸಣ್ಣವು.

*

ಆರ್ಗನ್ ಹುಟ್ಟಿದ್ದು ಚರ್ಚಿನಲ್ಲಲ್ಲ. ಕ್ರಿಸ್ತ ಹುಟ್ಟುವುದಕ್ಕೂ ಸುಮಾರು 250 ವರ್ಷ ಮೊದಲು ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಕ್ಟೆಸಿಬಿಯಸ್ ಎಂಬ ಯಂತ್ರಶಿಲ್ಪಿ ನೀರಿನ ಒತ್ತಡದಿಂದ ಗಾಳಿಯನ್ನು ಸಮನಾಗಿ ಹರಿಸಿ ಕೊಳವೆಗಳನ್ನು ನುಡಿಸಿದ.

ಕ್ರಿ.ಶ. 228ರಲ್ಲಿ ರೋಮನ್ನರ ಅಕ್ವಿಂಕಮ್ ಪಟ್ಟಣದಲ್ಲಿ, ಅಂದರೆ ಈಗಿನ ಬುಡಾಪೆಸ್ಟ್‌ನಲ್ಲಿ, ಒಬ್ಬ ಅಧಿಕಾರಿ ಒಂದು ಸಂಘಕ್ಕೆ ಆರ್ಗನ್ ದಾನ ಕೊಟ್ಟ. ಯಾವ ಸಂಘಕ್ಕೆ ಗೊತ್ತೇ? ಬೆಂಕಿ ಆರಿಸುವವರ ಸಂಘಕ್ಕೆ! ಆಮೇಲೆ ಬೆಂಕಿಯಲ್ಲಿ ಕುಸಿದ ಆ ಸಂಘದ ಕಟ್ಟಡದ ನೆಲಮಾಳಿಗೆಯಲ್ಲೇ 1931ರಲ್ಲಿ ಅದರ ಅವಶೇಷ ಸಿಕ್ಕಿತು. ಮರ, ಚರ್ಮ ಎಲ್ಲ ಹೋಗಿ ಕಂಚಿನ ಭಾಗಗಳು ಉಳಿದಿದ್ದವು. ಒಟ್ಟು 52 ಕೊಳವೆ, ಸಾಲಿಗೆ 13ರಂತೆ ನಾಲ್ಕು ಸಾಲು. ದಾನ ಕೊಟ್ಟವನ ಹೆಸರು ಮತ್ತು ವರ್ಷ ಕಂಚಿನ ಫಲಕದಲ್ಲಿ ಹಾಗೇ ಇತ್ತು.

*

ಜರ್ಮನ್ ಸಂಗೀತಕಾರ ಬಾಖ್‌ನನ್ನು ಹೊಸ ಆರ್ಗನ್ ಪರೀಕ್ಷಿಸಲು ಊರೂರುಗಳು ಕರೆಸುತ್ತಿದ್ದವು. ಅವನು ಮೊದಲು ಮಾಡುತ್ತಿದ್ದ ಕೆಲಸ ಎಲ್ಲ ಗುಬ್ಬಿಗಳನ್ನೂ ಒಮ್ಮೆಗೇ ಎಳೆದು ಸಾಧ್ಯವಾದಷ್ಟು ಸ್ವರಗಳನ್ನು ಕೂಡಿಸಿ ನುಡಿಸುವುದು. ವಾದ್ಯಕ್ಕೆ ಶ್ವಾಸಕೋಶ ಗಟ್ಟಿಯಿದೆಯೇ ನೋಡಬೇಕು ಎನ್ನುತ್ತಿದ್ದನೆಂದು ಅವನ ಮಗನೇ ಬರೆದಿಟ್ಟಿದ್ದಾನೆ. ಇಂದು ಹಳೆಯ ಆರ್ಗನ್ನಿಗೆ ಕೈಹಚ್ಚುವವರೂ ಶುರು ಮಾಡುವುದು ಅಲ್ಲಿಂದಲೇ. ಕೊಳವೆಗಳು ನಾಲ್ಕು ನೂರು ವರ್ಷ ಬಾಳಿಯಾವು, ಅವಕ್ಕೆ ಗಾಳಿ ಊದುವ ತಿದಿಯ ಚರ್ಮ ಅಷ್ಟು ಬಾಳದು. ಮಡಿಕೆಗಳಲ್ಲಿ ಬಿರುಕು ಬಿಟ್ಟು ಗಾಳಿ ಸೋರುತ್ತದೆ, ನುಡಿಸುತ್ತಿದ್ದಂತೆ ಸ್ವರ ಸೊರಗುತ್ತದೆ.

ವಿದ್ಯುತ್ ಮೋಟಾರು ಬರುವ ಮೊದಲು ಈ ತಿದಿಗಳನ್ನು ಒತ್ತಲು ಆಳುಗಳಿರುತ್ತಿದ್ದರು. ಕೆಲವು ಕಡೆ ತಿದಿಯ ಮೇಲೆ ನಿಂತು ಕಾಲಿನಿಂದಲೇ ತುಳಿಯುತ್ತಿದ್ದರು. ಆರ್ಗನ್ ನುಡಿಸಿದವರ ಹೆಸರು ಚರಿತ್ರೆಯಲ್ಲಿ ಉಳಿಯಿತು. ತಿದಿ ತುಳಿದವರ ಹೆಸರು ಸಿಗುವುದು ಹೆಚ್ಚಾಗಿ ಮರದ ಮೇಲೆ ಅವರೇ ಚಾಕುವಿನಿಂದ ಕೆತ್ತಿಕೊಂಡಲ್ಲಿ. ತಿಳಿದ ಕುಶಲಕರ್ಮಿಗಳು ದುರಸ್ತಿ ಮಾಡುವಾಗ ಆ ಗೀಚುಗಳನ್ನು ಉಜ್ಜಿ ತೆಗೆಯುವುದಿಲ್ಲ.

*

ತಿದಿಗೆ ಚರ್ಮ ಅಂಟಿಸುವುದು ಯಾವುದರಿಂದ? ನಮ್ಮ ಹಳೆಯ ಬಡಗಿಗಳು ಬಳಸುತ್ತಿದ್ದ ಸರೇಸಿನಿಂದ! ಪ್ರಾಣಿಗಳ ಚರ್ಮ, ಮೂಳೆ ಕುದಿಸಿ ಮಾಡುವ ಅದೇ ಬಿಸಿ ಅಂಟು. ಪೇಟೆಯಲ್ಲಿ ಅದಕ್ಕಿಂತ ಗಟ್ಟಿಯಾದ ರಾಸಾಯನಿಕ ಅಂಟುಗಳು ಬೇಕಾದಷ್ಟಿವೆ. ಆದರೂ ಯುರೋಪಿನ ಒಳ್ಳೆಯ ಕಾರ್ಯಾಗಾರಗಳಲ್ಲಿ ಇಂದಿಗೂ ಸರೇಸು ಕಾಯಿಸುವ ಪಾತ್ರೆ ಒಲೆಯ ಮೇಲಿರುತ್ತದೆ. ಕಾರಣ ಸರಳ. ಸರೇಸು ಬಿಸಿನೀರು ತಾಗಿದರೆ ಬಿಟ್ಟುಕೊಳ್ಳುತ್ತದೆ. 80 ವರ್ಷದ ಮೇಲೆ ಇನ್ನೊಬ್ಬ ಕುಶಲಕರ್ಮಿ ಬಂದು, ಮರಕ್ಕೆ ಗಾಯ ಮಾಡದೆ ಹಳೆಯ ಚರ್ಮ ಬಿಡಿಸಿ ಹೊಸದನ್ನು ಅಂಟಿಸಬಹುದು. ಬಿಡದ ಅಂಟು ಹಾಕಿದರೆ ಅವನು ಮರವನ್ನೇ ಕೆತ್ತಬೇಕಾಗುತ್ತದೆ. ತಾನು ಮಾಡಿದ್ದನ್ನು ಮುಂದಿನವನು ಬಿಚ್ಚಲು ಆಗಬೇಕು ಎನ್ನುವ ಈ ಎಚ್ಚರವೇ ದುರಸ್ತಿಗೂ ಜೀರ್ಣೋದ್ಧಾರಕ್ಕೂ ಇರುವ ವ್ಯತ್ಯಾಸ ಎಂದು ನಾನು ನಂಬಿದ್ದೇನೆ.

*

ಇಂಗ್ಲೆಂಡಿನ ಸಫಕ್ ಪ್ರಾಂತದ ಒಂದು ತೋಟದ ಮನೆಯಲ್ಲಿ 1977ರಲ್ಲಿ ರಿಪೇರಿ ನಡೆಯುತ್ತಿತ್ತು. ಅಲ್ಲಿ ಬಾಗಿಲಾಗಿ ಬಳಸಿದ್ದ ಒಂದು ಹಳೆಯ ಓಕ್ ಹಲಗೆಯ ತುಂಬ ಸಾಲು ಸಾಲು ತೂತುಗಳಿದ್ದವು. ನೋಡಿದರೆ ಅದು ಸುಮಾರು 1520ರ ಕಾಲದ ಆರ್ಗನ್ನಿನ ಎದೆಹಲಗೆ! ಎಲ್ಲ ಕೊಳವೆಗಳೂ ನಿಲ್ಲುವುದು, ಗಾಳಿ ಹಂಚಿಹೋಗುವುದು ಇದರ ಮೇಲೆಯೇ. ಕೊಳವೆ ಇಲ್ಲ, ತಿದಿ ಇಲ್ಲ, ಮನೆಗಳೂ ಇಲ್ಲ. ಉಳಿದದ್ದು ಈ ಹಲಗೆಯೊಂದೇ.

ಹಲಗೆಯೊಂದು ಏನು ಹೇಳೀತು ಎನ್ನಬೇಡಿ. ತೂತುಗಳನ್ನು ಎಣಿಸಿದರೆ ಎಷ್ಟು ಸ್ವರ, ಎಷ್ಟು ಸಾಲು ಎಂದು ತಿಳಿಯುತ್ತದೆ. ತೂತಿನ ಅಗಲ ಅಳೆದರೆ ಅಲ್ಲಿ ನಿಂತ ಕೊಳವೆಯ ಪಾದ ಎಷ್ಟು ದಪ್ಪ, ಅದಕ್ಕೆ ಎಷ್ಟು ಗಾಳಿ ಬೇಕಿತ್ತು ಎಂದು ಅಂದಾಜಾಗುತ್ತದೆ. ಎರಡು ತೂತುಗಳ ನಡುವಿನ ಅಂತರ ನೋಡಿದರೆ ಕೊಳವೆಯ ಮೈ ಎಷ್ಟು ದಪ್ಪವಿರಬಹುದಿತ್ತು ಎಂಬುದಕ್ಕೆ ಮಿತಿ ಸಿಗುತ್ತದೆ. ಗೆಟ್ಸ್ ಅಂಡ್ ಗ್ವಿನ್ ಎಂಬ ಆರ್ಗನ್ ಕಟ್ಟುವವರು ಹೀಗೆ ಒಂದೊಂದೇ ಸುಳಿವು ಕೂಡಿಸಿ, ಈ ಶತಮಾನದ ಆರಂಭದಲ್ಲಿ ಅದರ ಪ್ರತಿರೂಪವನ್ನು ಕಟ್ಟಿ ನಿಲ್ಲಿಸಿದರು. ಇಂಗ್ಲೆಂಡಿನಲ್ಲಿ ಮತಸುಧಾರಣೆಯ ಗಲಭೆಗಳ ಕಾಲದಲ್ಲಿ ಹಳೆಯ ಆರ್ಗನ್ನುಗಳು ಹೆಚ್ಚು ಕಡಿಮೆ ಎಲ್ಲವೂ ನಾಶವಾಗಿದ್ದವು. ಆ ದೇಶಕ್ಕೆ ಆ ಕಾಲದ ನಾದವನ್ನು ವಾಪಸು ಕೊಟ್ಟದ್ದು ಒಂದು ಬಾಗಿಲು!

*

ಕೊಳವೆಯ ಲೋಹ ತವರ ಮತ್ತು ಸೀಸದ ಮಿಶ್ರಣ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವ ತವರವೇ. ಹಿಂದಿನವರು ಕರಗಿಸಿದ ಲೋಹವನ್ನು ಮರಳಿನ ಹಾಸಿನ ಮೇಲೆ ಹರಿಯಬಿಟ್ಟು ತಗಡು ಮಾಡುತ್ತಿದ್ದರು. ಆ ವಿದ್ಯೆ ಬಹುತೇಕ ಮರೆತೇಹೋಗಿತ್ತು. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ಸಂಶೋಧಕರು ಅದನ್ನು ಮತ್ತೆ ಕಲಿತು, 17ನೇ ಶತಮಾನದ ಮಾದರಿಯ ದೊಡ್ಡ ಆರ್ಗನ್ ಒಂದನ್ನು 2000ದಲ್ಲಿ ಮುಗಿಸಿದರು.

ಕೊಳವೆಗಳಿಗೆ ಮನೆಯೊಳಗಿನ ಶತ್ರುವೂ ಉಂಟು. ಆರ್ಗನ್ನಿಗೆ ಬಳಸಿದ ಓಕ್ ಮರ ತನ್ನೊಳಗಿಂದ ವಿನಿಗರಿನ ಆಮ್ಲದ ಆವಿಯನ್ನು ಬಿಡುತ್ತದೆ. ಸೀಸ ಹೆಚ್ಚಿರುವ ಕೊಳವೆಗೆ ಅದು ತಾಗಿದರೆ ಲೋಹ ಬಿಳಿ ಪುಡಿಯಾಗಿ ಉದುರತೊಡಗುತ್ತದೆ. ಜರ್ಮನಿಯ ಲ್ಯೂಬೆಕ್‌ನ ಸೇಂಟ್ ಯಾಕೋಬಿ ಚರ್ಚಿನಲ್ಲಿರುವ 1637ರ ಆರ್ಗನ್ನಿಗೆ ಇದೇ ಆಯಿತು. ಅದನ್ನು ಉಳಿಸಲು ರಸಾಯನ ವಿಜ್ಞಾನಿಗಳೇ ಬರಬೇಕಾಯಿತು.

ಹೊರಗಿನ ಶತ್ರು ಯುದ್ಧ. 1917ರಲ್ಲಿ ಜರ್ಮನ್ ಸರ್ಕಾರ ತವರಕ್ಕಾಗಿ ದೇಶದ ಚರ್ಚುಗಳ ಆರ್ಗನ್ನಿನ ಮುಂಭಾಗದ ಕೊಳವೆಗಳನ್ನು ಕಿತ್ತು ಕರಗಿಸಿತು. ಹ್ಯಾಂಬರ್ಗ್‌ನ ಸೇಂಟ್ ಯಾಕೋಬಿ ಚರ್ಚಿನಲ್ಲಿ ಆರ್ಪ್ ಶ್ನಿಟ್ಗರ್ 1693ರಲ್ಲಿ ಮುಗಿಸಿದ, ಸುಮಾರು 4,000 ಕೊಳವೆಗಳ ಮಹಾ ಆರ್ಗನ್ನೂ ಇದಕ್ಕೆ ಹೊರತಾಗಲಿಲ್ಲ. 1720ರಲ್ಲಿ ಬಾಖ್ ಆಸೆಪಟ್ಟರೂ ಸಿಗದಿದ್ದ ಕೆಲಸ ಇದೇ ಚರ್ಚಿನದು. ಎರಡನೆಯ ಮಹಾಯುದ್ಧದಲ್ಲಿ ಊರಿನವರು ಮೋಸ ಹೋಗಲಿಲ್ಲ. ಕೊಳವೆಗಳನ್ನೂ ಗಾಳಿಪೆಟ್ಟಿಗೆಗಳನ್ನೂ ಮೊದಲೇ ಬಿಚ್ಚಿ ಬಚ್ಚಿಟ್ಟರು. ಬಾಂಬು ಬಿದ್ದು ಚರ್ಚು ಹಾಳಾಯಿತು, ಆರ್ಗನ್ನಿನ ಕೆತ್ತನೆಯ ಕವಚ ಹೋಯಿತು, ಹಾಡುವ ಭಾಗ ಉಳಿಯಿತು. ಯೂರ್ಗೆನ್ ಆರೆಂಡ್ ಅದನ್ನು ಸರಿಪಡಿಸಿ ಮುಗಿಸಿದ್ದು 1993ರಲ್ಲಿ, ಸರಿಯಾಗಿ 300 ವರ್ಷಕ್ಕೆ.

*

ಬೆತ್ಲೆಹೆಮ್‌ನಲ್ಲಿ 1906ರಲ್ಲಿ ನೆಲ ಅಗೆಯುವಾಗ 222 ಕಂಚಿನ ಕೊಳವೆಗಳು ಸಿಕ್ಕವು. 11ನೇ ಶತಮಾನದವು. ಧರ್ಮಯುದ್ಧಗಳ ಕಾಲದಲ್ಲಿ ಯುರೋಪಿನಿಂದ ಅಲ್ಲಿಗೆ ಹೋಗಿ, ಶತ್ರುಗಳ ಕೈಗೆ ಸಿಗಬಾರದೆಂದು ಯಾರೋ ಹೂತಿಟ್ಟವು. 2025ರಲ್ಲಿ ಜೆರುಸಲೇಮಿನಲ್ಲಿ ಸಂಶೋಧಕರು ಕೆಲವು ಕೊಳವೆಗಳನ್ನು ಗಾಳಿಪೆಟ್ಟಿಗೆಯ ಮೇಲಿಟ್ಟು ಗಾಳಿ ಬಿಟ್ಟಾಗ ಅವು ನುಡಿದೇಬಿಟ್ಟವು. ಸುಮಾರು 800 ವರ್ಷ ಮಣ್ಣು ತಿಂದ ಕೊಳವೆಗಳು!

*

ಬಿದಿರಿನ ಆರ್ಗನ್ ನೋಡಬೇಕೇ? ಫಿಲಿಪ್ಪೀನ್ಸ್‌ನ ಲಾಸ್ ಪಿನ್ಯಾಸ್‌ಗೆ ಹೋಗಬೇಕು. ಸ್ಪೇನಿನ ಪಾದ್ರಿ ದಿಯೆಗೊ ಸೆರಾ 1816ರಿಂದ 1824ರವರೆಗೆ ಕೂತು ಕಟ್ಟಿದ್ದು. 1,031 ಕೊಳವೆಗಳಲ್ಲಿ 902 ಬಿದಿರಿನವು. ಬಿದಿರಿಗೆ ಕುಟ್ಟೆ ಹಿಡಿಯದಂತೆ ನಮ್ಮ ಮಲೆನಾಡಿನವರು ನೀರಿನಲ್ಲಿ ನೆನೆಹಾಕುತ್ತಾರೆ. ಸೆರಾ ಅದನ್ನು ಸಮುದ್ರದ ಮರಳಿನಲ್ಲಿ ಹೂತಿಟ್ಟು, ಹುಳ ಮುಟ್ಟದೆ ಉಳಿದದ್ದನ್ನಷ್ಟೇ ಆರಿಸಿಕೊಂಡರು.

ಭೂಕಂಪ, ಬಿರುಗಾಳಿಗಳಿಗೆ ಸಿಕ್ಕಿ ನರಳಿದ ಈ ವಾದ್ಯವನ್ನು 1973ರಲ್ಲಿ ಬಿಚ್ಚಿ ಜರ್ಮನಿಯ ಬಾನ್ ನಗರದ ಕ್ಲೈಸ್ ಕಾರ್ಯಾಗಾರಕ್ಕೆ ಕಳಿಸಿದರು. ಅಲ್ಲೊಂದು ತೊಡಕು. ಜರ್ಮನಿಯ ಒಣ ಚಳಿಗೆ ಉಷ್ಣವಲಯದ ಬಿದಿರು ಸೀಳಿಹೋಗುತ್ತದೆ. ಅವರು ಕಾರ್ಯಾಗಾರದಲ್ಲಿ ಒಂದು ಕೋಣೆಯನ್ನೇ ಫಿಲಿಪ್ಪೀನ್ಸ್‌ನಷ್ಟು ಬಿಸಿ, ಅಷ್ಟೇ ತೇವ ಇರುವಂತೆ ಮಾಡಿಕೊಂಡು ಅದರೊಳಗೆ ಬೆವರುತ್ತ ಕೆಲಸ ಮಾಡಿದರು! 1975ರಲ್ಲಿ ಆರ್ಗನ್ ಊರಿಗೆ ಮರಳಿತು. ಈಗ ವರ್ಷ ವರ್ಷವೂ ಅಲ್ಲಿ ಅದರ ಸಂಗೀತೋತ್ಸವ ನಡೆಯುತ್ತದೆ.

*

2019ರ ಏಪ್ರಿಲ್ 15ರಂದು ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚು ಹೊತ್ತಿ ಉರಿದದ್ದನ್ನು ಜಗತ್ತೇ ನೋಡಿತು. ಒಳಗಿದ್ದ ಮಹಾ ಆರ್ಗನ್ ಮಾತ್ರ ಸುಡಲಿಲ್ಲ. 115 ಸ್ಟಾಪುಗಳು, ಸುಮಾರು 8,000 ಕೊಳವೆಗಳು. 1868ರಲ್ಲಿ ಅರಿಸ್ತೀದ್ ಕವಾಯೆ-ಕೊಲ್ ಅದನ್ನು ಹೊಸದಾಗಿ ಕಟ್ಟಿದರೂ ಅದಕ್ಕೂ ಹಿಂದಿನ ಶತಮಾನಗಳ ಕೊಳವೆಗಳನ್ನು ಎಸೆಯದೆ ಒಳಗೆ ಉಳಿಸಿಕೊಂಡಿದ್ದ.

ಸುಡದೇ ಉಳಿದರೂ ಅದು ನುಡಿಸುವ ಹಾಗಿರಲಿಲ್ಲ. ಚಾವಣಿಯ ಸೀಸ ಕರಗಿ, ಅದರ ವಿಷದ ಧೂಳು ಪ್ರತಿ ಕೊಳವೆಯ ಬಾಯೊಳಗೆ ಇಳಿದಿತ್ತು. 2020ರ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಕುಶಲಕರ್ಮಿಗಳು ಮುಖಗವಸು, ರಕ್ಷಾ ಉಡುಪು ತೊಟ್ಟು, ಒಂದೊಂದೇ ಕೊಳವೆ ಕೆಳಗಿಳಿಸಿದರು. ಫ್ರಾನ್ಸಿನ ಬೇರೆ ಬೇರೆ ಕಡೆಯ ಕಾರ್ಯಾಗಾರಗಳಲ್ಲಿ ಅವುಗಳನ್ನು ತೊಳೆದರು, ಚರ್ಮ ಬದಲಿಸಿದರು, ತಂದು ಮತ್ತೆ ಜೋಡಿಸಿದರು.

ಇಲ್ಲಿಗೆ ಕೆಲಸ ಅರ್ಧವಷ್ಟೇ ಮುಗಿದಂತೆ. ಉಳಿದದ್ದು ಶ್ರುತಿ ಕೂಡಿಸುವುದು. ಮೊದಲು ಪ್ರತಿ ಕೊಳವೆಯ ತುಟಿ, ಪಾದದ ತೂತು ನೋಡಿ ಅದರ ನಾದವನ್ನು ಹದಕ್ಕೆ ತರಬೇಕು. ಆಮೇಲೆ ಅಕ್ಕಪಕ್ಕದವರ ಜೊತೆ ಹೊಂದಿಸಬೇಕು. ಹಗಲು ಕಟ್ಟಡದ ತುಂಬ ಸುತ್ತಿಗೆ, ಗರಗಸದ ಸದ್ದು. ಹಾಗಾಗಿ ಈ ಕೆಲಸವನ್ನು ರಾತ್ರಿಯ ನಿಶ್ಶಬ್ದದಲ್ಲಿ ಮಾಡಿದರು, ತಿಂಗಳುಗಟ್ಟಲೆ. ಒಬ್ಬರು ಕೆಳಗೆ ಮನೆಯನ್ನು ಒತ್ತಿ ಹಿಡಿದು ಕೂರುವುದು, ಇನ್ನೊಬ್ಬರು ಮೇಲೆ ಕೊಳವೆಗಳ ಕಾಡಿನೊಳಗೆ ತೂರಿ ಕೂದಲೆಳೆಯಷ್ಟು ತಿದ್ದುವುದು, ಕೇಳುವುದು, ಮತ್ತೆ ತಿದ್ದುವುದು. ಆ ದೊಡ್ಡ ಕತ್ತಲಲ್ಲಿ ಇಬ್ಬರ ನಡುವೆ ಒಂದೇ ಒಂದು ಸ್ವರ.

2024ರ ಡಿಸೆಂಬರ್ 7ರಂದು ಚರ್ಚ್ ಮತ್ತೆ ತೆರೆದಾಗ ಆರ್ಚ್‌ಬಿಷಪ್ ಆರ್ಗನ್ನಿನ ಕಡೆ ತಿರುಗಿ, ಎಚ್ಚರಗೊಳ್ಳೆಂದು ಎಂಟು ಸಲ ಕರೆದರು. ಎಂಟೂ ಸಲ ಅದು ಓಗೊಟ್ಟಿತು. ನಮ್ಮಲ್ಲಿ ದೇವರನ್ನು ಎಬ್ಬಿಸಲು ಸುಪ್ರಭಾತವಿದೆ. ವಾದ್ಯವನ್ನೇ ಎಬ್ಬಿಸಿದ ಈ ಗಳಿಗೆಯನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

*

ಆರ್ಗನ್ನಿಗೂ ಬಿಸಿಲು ತಾಗುತ್ತದೆ! ಗಾಳಿ ಬಿಸಿಯಾದರೆ ಅದರಲ್ಲಿ ಶಬ್ದದ ವೇಗ ಹೆಚ್ಚುತ್ತದೆ. ಹಾಗಾಗಿ ಸೆಕೆಂಡಿಗೆ 440 ಸಲ ಕಂಪಿಸುವ ಕೊಳವೆ, ಕಟ್ಟಡ 10 ಡಿಗ್ರಿ ಬಿಸಿಯಾದರೆ 447ರ ಆಸುಪಾಸಿಗೆ ಏರುತ್ತದೆ. ಆದರೆ ಹಿತ್ತಾಳೆ ನಾಲಿಗೆಯ ಕೊಳವೆಗಳು ಅಷ್ಟು ಏರುವುದಿಲ್ಲ. ಎರಡೂ ಕೂಡಿ ನುಡಿದರೆ ಅಪಶ್ರುತಿ. ಶ್ರುತಿ ಮಾಡುವವರು ಥರ್ಮಾಮೀಟರ್ ನೋಡದೆ ಕೊಳವೆ ಮುಟ್ಟುವುದಿಲ್ಲ.

*

ಬೆಂಗಳೂರಿನಲ್ಲೂ ಹಳೆಯ ಪೈಪ್ ಆರ್ಗನ್ ಇದೆ. ಕಬ್ಬನ್ ರಸ್ತೆಯ ಸೇಂಟ್ ಆಂಡ್ರ್ಯೂಸ್ ಚರ್ಚಿನ ಆರ್ಗನ್ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ ಪೀಟರ್ ಕೊನಾಕರ್ ಕಂಪನಿ ಮಾಡಿದ್ದು, 1881ರದು.

*

ಈಗ ಹುಲಿಯ ಕತೆ.

ಹುಲಿ ಗರ್ಜಿಸುವುದೂ ಕೊಳವೆಯಿಂದಲೇ. ಅದಕ್ಕೊಂದು ಹಿಡಿಯಿದೆ. ಅದನ್ನು ತಿರುಗಿಸಿದಂತೆ ಹಲ್ಲುಗಾಲಿಗಳು ತಲೆಯೊಳಗಿನ ಭಾರದ ಕೊಳವೆಯನ್ನು ನಿಧಾನಕ್ಕೆ ಮೇಲೆತ್ತುತ್ತವೆ. ಒಂದು ಹಂತದಲ್ಲಿ ಅದು ಜಾರಿ ಕೆಳಗೆ ಬಿದ್ದಾಗ ಗಾಳಿ ನುಗ್ಗಿ ಗುರ್ ಎನ್ನುತ್ತದೆ. ಸಿಪಾಯಿಯ ಎದೆಯಲ್ಲಿ ಬೇರೆಯೇ ತಿದಿ. ಅದರಿಂದ ಅವನ ಬಾಯಿಯ ಕೊಳವೆಗೆ ಗಾಳಿ ಹೋಗಿ ನರಳಾಟ ಕೇಳುತ್ತದೆ, ಕೈ ಮೇಲೆ ಕೆಳಗೆ ಆಡುತ್ತದೆ. ಎಂಥ ಕೈಚಳಕ!

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲಿಷರು ಅದನ್ನು ಕೊಂಡೊಯ್ದರು. 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಹೌಸ್‌ನಲ್ಲಿ ಜನರ ಮುಂದಿಟ್ಟರು. ಬಂದಬಂದವರೆಲ್ಲ ಹಿಡಿ ತಿರುಗಿಸಿದರು. ಅಲ್ಲಿನ ಗ್ರಂಥಾಲಯದಲ್ಲಿ ಓದುತ್ತಿದ್ದವರಿಗೆ ಈ ಗರ್ಜನೆಯಿಂದ ರೋಸಿಹೋಗಿತ್ತಂತೆ. 1843ರ ಹೊತ್ತಿಗೆ ಹಿಡಿಯೇ ಮಾಯ! ಎರಡನೆಯ ಮಹಾಯುದ್ಧದ ಬಾಂಬ್ ದಾಳಿಯಲ್ಲಿ ಚಾವಣಿ ಮೇಲೆ ಕುಸಿದು ಹುಲಿಯ ಮರದ ಮೈ ನೂರಾರು ಚೂರಾಯಿತು. ಚೂರುಗಳನ್ನು ಆಯ್ದು ಕೂಡಿಸಿ, 1947ರ ಹೊತ್ತಿಗೆ ಮತ್ತೆ ಪ್ರದರ್ಶನಕ್ಕಿಟ್ಟರು. ಈಗ ಅದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಮರ ಕೂಡಿತು. ನಾದ? ಸ್ವಯಂಚಾಲಿತ ವಾದ್ಯಗಳ ತಜ್ಞ ಆರ್ಥರ್ ಆರ್ಡ್-ಹ್ಯೂಮ್ 1987ರಲ್ಲಿ ಅದನ್ನು ಪರೀಕ್ಷಿಸಿ ಬರೆದದ್ದು ನೋವಿನ ಮಾತು. 1835ರಿಂದೀಚೆಗೆ ದಯೆಯಿಲ್ಲದೆ ತಿದ್ದಿತಿದ್ದಿ, ಮೂಲದಲ್ಲಿ ಅದು ಕೆಲಸ ಮಾಡುತ್ತಿದ್ದ ಬಗೆಯೇ ಬಹುಪಾಲು ಅಳಿಸಿಹೋಗಿದೆ ಎಂದರು. ಅದರ ಎರಡು ಸಾಲು ಕೊಳವೆಗಳು ಕೂಡಿ ನುಡಿದಾಗ ಸ್ವರ ಸಣ್ಣಗೆ ಅಲೆಯಾಡುತ್ತದೆ. ಅದು ಮಾಡಿದವರು ಬೇಕೆಂದೇ ಇಟ್ಟದ್ದೋ, ಆಮೇಲಿನವರು ಶ್ರುತಿ ಮಾಡುವಾಗ ಆದದ್ದೋ ಎಂದು ಇಂದು ಹೇಳಲಾಗುವುದಿಲ್ಲ. ಬಾಂಬಿಗೆ ಚೂರಾದದ್ದು ಮರಳಿ ಬಂತು, ರಿಪೇರಿಯಲ್ಲಿ ಹೋದದ್ದು ಬರಲಿಲ್ಲ.

ನಿಮ್ಮಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ನಾಟಕ ಕಂಪನಿಯ ಕಾಲದ ಲೆಗ್ ಹಾರ್ಮೋನಿಯಂ, ತಾತನ ಶ್ರುತಿ ಪೆಟ್ಟಿಗೆ ಇದ್ದರೆ ಒಂದು ವಿನಂತಿ. ತಿದಿ ಸೋರುತ್ತಿದೆಯೆಂದು ಮನೆಯಲ್ಲಿರುವ ಬಿಳಿ ಅಂಟು ಬಳಿಯಬೇಡಿ. ಒಳಗೆ ಸಿಕ್ಕ ಚೀಟಿ, ಹಳೆಯ ಕಾಗದ, ಮುರಿದ ರೀಡು ಯಾವುದನ್ನೂ ಎಸೆಯಬೇಡಿ. ಸರೇಸು ಬಳಸಲು ಬಲ್ಲವರನ್ನು ಹುಡುಕಿ, ಅವರ ಕೈಗೆ ಕೊಡಿ.